ಮೂರನೇ ಫರ್ನೇಸ್

ಏಪ್ರಿಲ್ 24, ಗುರುವಾರ

ಮೂರನೇ ಫರ್ನೇಸ್ ನಿಲ್ಲಿಸುವುದಾ ಎಂದು ಲ್ಯಾಬಿನವರು ಇವತ್ತು ಮತ್ತೆ ಕೇಳಿದರು. ಬೇಡ ಎಂದೆ. ಒಬ್ಬ ತೀರಿಹೋದನೆಂದು ಟೆಸ್ಟ್ ನಿಲ್ಲಿಸುತ್ತಾ ಕೂತರೆ ಲ್ಯಾಬಿಗೆ ಬೀಗ ಹಾಕಿ ನಾವೆಲ್ಲ ಬಂದರಿಗೆ ಹೋಗಿ ಒಣಮೀನು ಮಾರಬೇಕಾದೀತು, ನನ್ನ ಅಣ್ಣನ ಗೋದಾಮಿನಲ್ಲಿ ಜಾಗ ಉಂಟು ಎಂದೆ. ತಮಾಷೆಗೆ ಹೇಳಿದ್ದು. ಯಾರೂ ನಗಲಿಲ್ಲ. ರೊಸಾಲಿನ್ ಮೈಕ್ರೋಸ್ಕೋಪಿನ ಮೇಲೆ ಬಗ್ಗಿದವಳು ತಲೆಯೆತ್ತಲೇ ಇಲ್ಲ.

ಕಳೆದ ವಾರ ಬುಧವಾರ ಸಂಜೆ ನಮ್ಮ ಲ್ಯಾಬಿನ ಹುಡುಗ ದೀಕ್ಷಿತ್ ಆ ಫರ್ನೇಸಿನೊಳಗೆ ಟೈಟಾನಿಯಂ ಪಟ್ಟಿಯೊಂದನ್ನು ಸಿಕ್ಕಿಸಿ, ಸನ್ನೆಗೋಲಿಗೆ ಭಾರ ತೂಗಿಸಿ, "ಸಾವಿರ ಗಂಟೆ ಸರ್, ನೋಡ್ತಾ ಇರಿ, ಇದು ಅಲ್ಲಾಡ್ಲಿಕ್ಕಿಲ್ಲ" ಎಂದು ಹೇಳಿ ಬೈಕ್ ಹತ್ತಿದ. ಬೈಕಂಪಾಡಿಯಿಂದ ನಂತೂರಿನವರೆಗೆ ಹೋದ. ಅಲ್ಲಿ ಟ್ಯಾಂಕರ್ ಹಿಂದಿನಿಂದ ಗುದ್ದಿತು. ಬಿಕರ್ನಕಟ್ಟೆಯ ಅವನ ಮನೆ ಅಲ್ಲಿಂದ ಒಂದು ಏರು ದಾಟಿದರೆ ಸಿಗುತ್ತದೆ.

ಅವನಿಲ್ಲ. ಅವನು ಏರಿಸಿದ ಪಟ್ಟಿ ಮಾತ್ರ ನಾನೂರೈವತ್ತು ಡಿಗ್ರಿ ಕಾವಿನಲ್ಲಿ, ಅವನೇ ತೂಗಿಸಿದ ಭಾರಕ್ಕೆ, ಉದ್ದವಾಗುತ್ತಲೇ ಇದೆ. ಕಣ್ಣಿಗೆ ಕಾಣುವಷ್ಟಲ್ಲ, ಕೂದಲಿನ ಒಂದು ಪಾಲಿನಷ್ಟು. ಕಂಪ್ಯೂಟರಿನಲ್ಲಿ ಗೆರೆ ಮೆಲ್ಲನೆ ಮುಂದೆ ಹೋಗುತ್ತದೆ. ಫರ್ನೇಸಿಗೆ ನೇತುಹಾಕಿದ ಚೀಟಿಯಲ್ಲಿ ಅವನ ಕೋಳಿಕಾಲಿನ ಅಕ್ಷರ. ಅದನ್ನು ತೆಗೆದು ನೀಟಾಗಿ ಬೇರೆ ಬರೆದು ಹಾಕಬೇಕು. ನಾಳೆ ನೋಡುವ.

ರೊಸಾಲಿನ್ ಆ ಮೂಲೆಗೆ ಹೋಗುವುದಿಲ್ಲವಂತೆ. ಯಾರೋ ನಿಂತ ಹಾಗೆ ಆಗುತ್ತದಂತೆ. ನನಗೆ ಅಂಥದ್ದರಲ್ಲಿ ನಂಬಿಕೆಯಿಲ್ಲ. ನಮ್ಮ ದೀನಿನ, ಇಸ್ಲಾಮಿನ, ಪ್ರಕಾರವೂ ಇಲ್ಲ, ಮೆಟಲರ್ಜಿಯ ಪ್ರಕಾರವೂ ಇಲ್ಲ.

ಏಪ್ರಿಲ್ 29, ಮಂಗಳವಾರ

ದೀಕ್ಷಿತನ ಬೊಜ್ಜ, ಉತ್ತರಕ್ರಿಯೆ. ಲ್ಯಾಬಿನಿಂದ ನಾವು ಕೆಲವರು ಹೋಗಿದ್ದೆವು.

ಒಳಗಿನ ಕೋಣೆಯಲ್ಲಿ ಬಾಳೆ ಎಲೆ ಹಾಕಿ, ಅವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ನಿಂತರು. ತೀರಿಹೋದವನು ಬಂದು ಉಣ್ಣುವ ಹೊತ್ತು ಅದು. ಯಾರೂ ಮಾತಾಡಬಾರದು. ಆಮೇಲೆ ಬಾಗಿಲು ತಟ್ಟಿ ತೆರೆಯುತ್ತಾರೆ, ಉಣ್ಣುತ್ತಿದ್ದವನು ಬೆಚ್ಚಬಾರದೆಂದು. ಅವನ ತಾಯಿ ದೇಯಿಯಕ್ಕ ಮೊದಲು ಒಳಗೆ ಹೋದರು. ಎಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದರು. "ಬೈದಿಜೆ" ಎಂದರು. ಬಂದಿಲ್ಲ.

ಅದು ಅವರಿಗೆ ಹೇಗೆ ತಿಳಿಯುತ್ತದೋ. ನಾನು ಬಾಗಿಲ ಸಂದಿನಿಂದ ಕಂಡದ್ದು ಅನ್ನ, ಕೋಳಿ, ಒಂದು ಲೋಟ ನೀರು. ಮುಟ್ಟಿದ್ದೋ ಮುಟ್ಟದ್ದೋ ಎಂದು ಹೇಳಬೇಕಾದರೆ ತೂಕ ಮಾಡಬೇಕಿತ್ತು.

ಹೊರಡುವಾಗ ಅವನ ಅಕ್ಕ ಪ್ರಾಪ್ತಿ ಗೇಟಿನವರೆಗೆ ಬಂದಳು. "ಸರ್, ಆ ಮಿಷಿನ್ ಇನ್ನೂ ನಡೀತಾ ಉಂಟಾ?"

"ಉಂಟು."

"ಅಮ್ಮ ಹೇಳ್ತಾರೆ, ಅವನ ಕೆಲಸ ಮುಗೀಲಿಲ್ಲ, ಅವನು ಅಲ್ಲೇ ಇದ್ದಾನೆ ಅಂತ. ಆಟಿ ತಿಂಗಳಲ್ಲಿ, ಜುಲೈಗೆ, ಅವನಿಗೆ ಮತ್ತೆ ಬಡಿಸ್ಲಿಕ್ಕುಂಟು. ಅಷ್ಟರಲ್ಲಿ ಮುಗೀಬಹುದಾ?"

"ಮೇ ಕೊನೆಗೆ ಮುಗೀತದೆ" ಎಂದೆ. ಅಷ್ಟರಲ್ಲಿ ದೇಯಿಯಕ್ಕನೂ ಬಂದು ನಿಂತರು. "ನನ್ನ ಮಗ ಆರಿಸಿದ ಲೋಹ ವಿಮಾನದಲ್ಲಿ ಹಾರ್ತದಂತೆ. ಹೌದಾ ಹಸನಾಕ?" ಎಂದು ನನ್ನನ್ನು ತುಳುವಿನಲ್ಲಿ ಕೇಳಿದರು. ಬಂದವರೆಲ್ಲ ನನ್ನ ಮುಖ ನೋಡಿದರು. ಹೌದು, ಹಾರುತ್ತದೆ ಎಂದೆ. ಇನ್ನೂ ಟೆಸ್ಟೇ ಮುಗಿದಿಲ್ಲ. ಮೂವತ್ತು ವರ್ಷದಲ್ಲಿ ಫಲಿತಾಂಶಕ್ಕೆ ಮೊದಲು ಬಾಯಿಬಿಟ್ಟದ್ದು ಇದೇ ಮೊದಲು. ಬೇರೇನು ಹೇಳುವುದಿತ್ತು?

ಮೇ 3, ಶನಿವಾರ

ಎಂಜಿನ್ ಕಂಪೆನಿಯ ಕೌಶಲ್ ಫೋನ್ ಮಾಡಿದ್ದ. ರಿಪೋರ್ಟ್ ಯಾವಾಗ ಎಂದು. ಅವನದು ಸಣ್ಣ ಕಂಪೆನಿ, ದೊಡ್ಡ ಆಸೆ. ಕಡಲಿನಲ್ಲಿ ದೋಣಿ ಮಗುಚಿದರೆ ಜೆಟ್ಟಿಯಿಂದ ಹಾರಿ ಹೋಗಿ ಲೈಫ್ ಜಾಕೆಟ್ ಎಸೆದು ಬರುವ, ಮನುಷ್ಯರಿಲ್ಲದ ಪುಟ್ಟ ವಿಮಾನ. ಅದರ ಎಂಜಿನ್ ಗಾಳಿಯನ್ನು ಎಳೆದು ಹಿಂಡುತ್ತದೆ. ಹಿಂಡಿದಷ್ಟೂ ಗಾಳಿ ಕಾಯುತ್ತದೆ. ಹಿಂಡುವ ಕೊನೆಯ ಚಕ್ರ ನಾನೂರೈವತ್ತು ಡಿಗ್ರಿಯಲ್ಲಿ ಗಿರ್ರನೆ ತಿರುಗಬೇಕು. ಆ ಚಕ್ರಕ್ಕೆ ಯಾವ ಲೋಹ ಎಂದು ಹೇಳುವುದು ನಮ್ಮ ಕೆಲಸ.

ನಾನು ನಿಕ್ಕಲ್ ಮಿಶ್ರಲೋಹ ಎಂದಿದ್ದೆ. ಭಾರ, ಆದರೆ ನಂಬಿಕಸ್ಥ. ದೀಕ್ಷಿತ್ ಟೈಟಾನಿಯಂ ಎಂದು ಹಟ ಹಿಡಿದ. ತೂಕ ಅರ್ಧಕ್ಕಿಳಿಯುತ್ತದೆ. "ಸರ್, ನಿಮ್ಮ ನಿಕ್ಕಲ್ ಹಾಕಿದ್ರೆ ಒಂದು ಜಾಕೆಟ್ ಕಡ್ಮೆ ಹೋಗ್ತದೆ. ನೀರಲ್ಲಿ ಇರುವವರಲ್ಲಿ ಯಾರಿಗೆ ಇಲ್ಲ ಅಂತ ಹೇಳುದು?" ಎಂದ. ಸರಿ, ನಿನ್ನ ಟೈಟಾನಿಯಂ ಏರಿಸಿ ತೋರಿಸು ಎಂದೆ.

ಏರಿಸಿದ ಸಂಜೆ ಗೇಟಿನ ಗಾಡಿಯಿಂದ ಉಪ್ಪು ಖಾರ ಹಾಕಿದ ಮಾವಿನಕಾಯಿ ಹೋಳು ತಂದಿದ್ದ. ಪೇಪರಿನ ಪೊಟ್ಟಣ ನನ್ನ ಮುಂದೆ ಹಿಡಿದ. ನನಗೆ ಹಲ್ಲು ಜುಮ್ಮೆನ್ನುತ್ತದೆ, ಬೇಡ ಎಂದೆ. ಹಿಡಿದ ಬಲಗೈ ಹೆಬ್ಬೆರಳಿನ ಮೇಲೆ ಓರೆಯಾದ ಹಳೆಯ ಗಾಯ ಈಗಲೂ ಕಣ್ಣಿಗೆ ಕಟ್ಟುತ್ತದೆ. ಚಿಕ್ಕವನಿದ್ದಾಗ ಅಳಿವೆಯಲ್ಲಿ ಹೆಕ್ಕಿದ ಮರುವಾಯಿ ಚಿಪ್ಪು ಬಿಡಿಸಲು ಹೋಗಿ ಕೊಯ್ದುಕೊಂಡದ್ದಂತೆ.

ಎಕ್ಸಾಸ್ಟ್ ಫ್ಯಾನ್ ಶಿಳ್ಳೆ ಹಾಕುತ್ತಿದೆ. ಬೇರಿಂಗ್ ಹೋಗಿರಬೇಕು. ಅವನೂ ಹೀಗೆಯೇ ಹಲ್ಲಿನ ನಡುವೆ ಶಿಳ್ಳೆ ಹಾಕುತ್ತಿದ್ದ, ಎಷ್ಟು ಬೈದರೂ ಬಿಡುತ್ತಿರಲಿಲ್ಲ.

ಮೇ 8, ಗುರುವಾರ

ಗೆರೆ ನೆಟ್ಟಗಿದೆ. ಹುಡುಗ ಹೇಳಿದ್ದು ಸರಿ, ಅಲ್ಲಾಡುತ್ತಿಲ್ಲ.

ಬರುವಾಗ ಮಾವಿನಕಾಯಿ ತಂದೆ. ರೊಸಾಲಿನ್ ಪಾಪ ಒಬ್ಬಳೇ ಮೈಕ್ರೋಸ್ಕೋಪಿನ ಮುಂದೆ ಕೂತಿರುತ್ತಾಳಲ್ಲ, ಅವಳಿಗೆಂದು. ಅವಳು ಎರಡು ಹೋಳು ತಿಂದಳು. ಉಳಿದದ್ದನ್ನು ಮೂರನೇ ಫರ್ನೇಸಿನ ಪಕ್ಕದ ಮೇಜಿನ ಮೇಲೆ ಇಟ್ಟೆ. ಬೇರೆಲ್ಲೂ ಜಾಗವಿರಲಿಲ್ಲ.

ಮೇ 13, ಮಂಗಳವಾರ

ತುಂಡಾಯಿತು.

ಬೆಳಿಗ್ಗೆ ಬಾಗಿಲು ತೆರೆದಾಗಲೇ ತಿಳಿಯಿತು. ಭಾರದ ತಟ್ಟೆ ಕೆಳಗೆ ಕೂತಿತ್ತು. ನೆಟ್ಟಗೆ ಹೋಗುತ್ತಿದ್ದ ಗೆರೆ ಮುನ್ಸೂಚನೆಯೇ ಇಲ್ಲದೆ ಮುಗಿದಿತ್ತು. ಒಳ್ಳೆಯ ಲೋಹ ಹೀಗೆ ಸಾಯುವುದಿಲ್ಲ. ಮೊದಲು ಎಳೆಯುತ್ತದೆ, ಸಪೂರವಾಗುತ್ತದೆ, ಹೇಳಿ ಕೇಳಿ ಹೋಗುತ್ತದೆ. ಇದು ನಡುರಸ್ತೆಯಲ್ಲಿ ಹೋದ ಹಾಗೆ ಹೋಯಿತು.

ಈ ಸಾಲನ್ನು ಬರೆಯಬಾರದಿತ್ತು. ಹೊಡೆದುಹಾಕಲು ಮನಸ್ಸಾಗುತ್ತಿಲ್ಲ.

ಸಾವಿರ ಗಂಟೆ ಬಾಳಬೇಕಿದ್ದದ್ದು. ಇನ್ನು ಅವನ ಟೈಟಾನಿಯಂ ಮುಗಿದ ಕಥೆ. ದೇಯಿಯಕ್ಕನಿಗೆ ಯಾವ ಬಾಯಲ್ಲಿ ಹೇಳುವುದು?

ಮೇ 15, ಗುರುವಾರ

ರೊಸಾಲಿನ್ ಕರೆದಳು. "ಸರ್, ಒಮ್ಮೆ ನೋಡಿ" ಎಂದಷ್ಟೇ ಹೇಳಿ ಸ್ಟೂಲ್ ಬಿಟ್ಟು ಎದ್ದಳು. ಅವಳ ಮುಖ ಸುಣ್ಣದ ಹಾಗಾಗಿತ್ತು.

ಮುರಿದ ಎರಡೂ ತುಂಡುಗಳನ್ನು ಜೋಡಿಸಿ ಇಟ್ಟಿದ್ದಳು. ಪಟ್ಟಿಯ ಮೇಲೆ ಬಿಳಿಚಿದ ಸಣ್ಣ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು, ಬಾಗಿ, ಸುತ್ತಿ. ಗೆರೆಗಳ ಉದ್ದಕ್ಕೂ ಬಿರುಕು. ಮಧ್ಯದಲ್ಲಿ ಓರೆಯಾಗಿ ಒಂದು ಖಾಲಿ ಪಟ್ಟೆ, ಅಲ್ಲಿ ಗೆರೆಯೂ ಇಲ್ಲ, ಬಿರುಕೂ ಇಲ್ಲ.

ಹೆಬ್ಬೆರಳು. ಮರುವಾಯಿ ಚಿಪ್ಪು ಕೊಯ್ದ ಗಾಯ ಸಮೇತ.

ಆದದ್ದು ಏನೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಕಾವು ಅಳೆಯುವ ತಂತಿಯನ್ನು ಪಟ್ಟಿಗೆ ಕಟ್ಟುವಾಗ ಗ್ಲೌಸ್ ಹಾಕಿದರೆ ಗಂಟು ಕೂರುವುದಿಲ್ಲ. ನಮ್ಮಲ್ಲಿ ಎಲ್ಲರೂ ಒಂದು ಕೈಯ ಗ್ಲೌಸ್ ಬಿಚ್ಚಿ ಕಟ್ಟುತ್ತೇವೆ, ಆಮೇಲೆ ಅಸಿಟೋನ್ ಹಾಕಿ ಒರೆಸುತ್ತೇವೆ. ಅವತ್ತು ಅವನ ಕೈಯಲ್ಲಿ ಮಾವಿನಕಾಯಿಯ ಉಪ್ಪಿತ್ತು. ಒರೆಸಲು ಮರೆತ, ಇಲ್ಲವೇ ಸರಿಯಾಗಿ ಒರೆಸಲಿಲ್ಲ. ಕಾದ ಟೈಟಾನಿಯಂಗೆ ಉಪ್ಪು ಆಗಿಬರುವುದಿಲ್ಲ. ಉಪ್ಪು ಕೂತಲ್ಲಿ ಬಿರಿಯುತ್ತದೆ. ಪುಸ್ತಕದಲ್ಲಿ ಓದಿದ್ದೆ, ಕಂಡದ್ದು ಇವತ್ತು.

ಬಿಸಿಯಲ್ಲಿ ಅಷ್ಟು ದಿನವೂ ಅವನ ಬೆರಳು ಆ ಪಟ್ಟಿಯ ಮೇಲೇ ಇತ್ತು. ನಾನು ಪಕ್ಕದಲ್ಲಿ ನಿಂತು ಗೆರೆ ನೋಡುತ್ತಿದ್ದೆ. ರೊಸಾಲಿನ್ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಬೈಯಲಿಲ್ಲ.

ಮೇ 20, ಮಂಗಳವಾರ

ಕೌಶಲ್ ಬಂದ. ಮೈಕ್ರೋಸ್ಕೋಪಿನಲ್ಲಿ ನೋಡಿ ಹಿಗ್ಗಿದ.

"ಇಷ್ಟೇ ಅಲ್ವಾ ಸರ್? ಆಪರೇಟರ್ ಕೈ ತಾಗಿದೆ, ಟೆಸ್ಟ್ ಲೆಕ್ಕಕ್ಕಿಲ್ಲ ಅಂತ ಬರೀರಿ. ಟೈಟಾನಿಯಂ ಪಾಸ್. ಬೇಕಾದ್ರೆ ಒಂದು ಕ್ಲೀನ್ ಪೀಸ್ ಏರಿಸಿ."

"ಉಪ್ಪಿಗೆ ಒಡೀತದೆ ಅಂತ ಆಯ್ತಲ್ಲ ಮಾರಾಯ."

"ಸರ್, ಉಪ್ಪಿನಿಂದ ಹಾರುವ ಎಂಜಿನ್ ಒಡೆದದ್ದು ನೀವು ಎಲ್ಲಿಯಾದ್ರೂ ಕೇಳಿದ್ದೀರಾ? ಆ ಗಾಳಿಯ ರಭಸಕ್ಕೆ ಉಪ್ಪು ಕೂತ್ಕೊಳ್ಳಿಕ್ಕೇ ಇಲ್ಲ. ಇದೆಲ್ಲ ಲ್ಯಾಬಿನ ಕಾಯಿಲೆ."

ಅವನು ಹೇಳುವುದರಲ್ಲಿ ಹುರುಳಿದೆ. ನಾನೂ ಅಂಥದ್ದನ್ನು ಕೇಳಿಲ್ಲ. ಒಂದು ಗಂಟೆ ಹೊತ್ತು ತುಂಬ ಖುಷಿಯಲ್ಲಿದ್ದೆ. ಹುಡುಗನ ಲೋಹ ಉಳಿಯಿತು, ದೇಯಿಯಕ್ಕನ ಮುಂದೆ ನನ್ನ ಮಾತೂ ಉಳಿಯಿತು.

ಆಮೇಲೆ ಬರೆಯಲು ಕೂತೆ. 'ಸ್ಪೆಸಿಮೆನ್ ಏರಿಸಿದವರ ಅಜಾಗರೂಕತೆಯಿಂದ' ಎಂದು ಶುರುಮಾಡಬೇಕು. ಏರಿಸಿದವರ ಹೆಸರಿನ ಜಾಗದಲ್ಲಿ ದೀಕ್ಷಿತ್ ಎಂದು ಬರೆಯಬೇಕು. ಕೈ ಮುಂದೆ ಹೋಗಲಿಲ್ಲ. ಲೋಹ ಉಳಿಯಬೇಕಾದರೆ ಹುಡುಗ ಬೇಜವಾಬ್ದಾರಿಯವನಾಗಬೇಕು. ಹುಡುಗ ಉಳಿಯಬೇಕಾದರೆ ಅವನು ಜಗಳ ಮಾಡಿ ಆರಿಸಿದ ಲೋಹ ಹೋಗಬೇಕು. ಅವನ ಹೆಸರು ಬರುವ ಕೊನೆಯ ಕಾಗದ ಇದು. ಎರಡರಲ್ಲಿ ಒಂದನ್ನು ನಾನು ಮುರಿಯಲೇಬೇಕು.

ಮೇ 25, ಭಾನುವಾರ

ಬಂದರಿಗೆ ಹೋಗಿದ್ದೆ. ಅಣ್ಣ ಗೋದಾಮಿನ ಬಾಗಿಲಿಗೆ ಹೊಸ ಬೀಗ ಹಾಕುತ್ತಿದ್ದ. ಹಳೆಯದು ಉಪ್ಪು ತಿಂದು ಕಚ್ಚಿಕೊಂಡಿತ್ತು. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಒಂದು ಬೀಗ ಬದಲಾಯಿಸುವುದು ಬಾಪನ ಕಾಲದಿಂದ ನಡೆದು ಬಂದದ್ದು. ತಕ್ಕಡಿಯ ಸರಪಳಿಯೂ ಹಾಗೆಯೇ. ಇಷ್ಟು ವರ್ಷ ನೋಡಿದ್ದೇನೆ, ಒಮ್ಮೆಯಾದರೂ ನಿಂತು ನೋಡಿರಲಿಲ್ಲ.

ಆ ವಿಮಾನ ದಿನವಿಡೀ ಹಾರುವುದಿಲ್ಲವಲ್ಲ! ದೋಣಿ ಮಗುಚುವವರೆಗೆ ಜೆಟ್ಟಿಯಲ್ಲಿ ನಿಂತಿರುತ್ತದೆ. ವಾರಗಟ್ಟಲೆ, ಪಡುಗಾಳಿಗೆ ಮುಖ ಮಾಡಿ. ಉಪ್ಪು ಕೂರಲು ಗಾಳಿಯ ರಭಸ ಎಲ್ಲಿ ಬಿಡುತ್ತದೆ ಎಂದು ಕೌಶಲ್ ಕೇಳಿದ. ನಿಂತಲ್ಲಿ ಕೂರುತ್ತದೆ ಮಾರಾಯ, ನಿಂತಲ್ಲಿ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಎಂಜಿನ್ ಕಾಯುತ್ತದೆ.

ದೆಹಲಿಯವನೊಬ್ಬ ಈ ಲ್ಯಾಬಿನಲ್ಲಿದ್ದಿದ್ದರೆ ಮೊದಲ ದಿನವೇ ಕಡಲ ಗಾಳಿಯ ಬಗ್ಗೆ ಕೇಳುತ್ತಿದ್ದ. ನಾವು ಕೇಳಲಿಲ್ಲ. ಅವನು ಮರುವಾಯಿ ಹೆಕ್ಕಿ ಬೆಳೆದವನು, ನಾನು ಒಣಮೀನಿನ ರಾಶಿಯಲ್ಲಿ ಆಡಿ ಬೆಳೆದವನು. ಉಪ್ಪು ನಮಗೆ ಮನೆಯವರ ಹಾಗೆ, ಎದುರಿಗಿದ್ದರೂ ಗಮನಕ್ಕೆ ಬರುವುದಿಲ್ಲ.

ನಾಳೆ ಒಂದು ಪಟ್ಟಿಯನ್ನು ಯಾರೂ ಬರಿಗೈಯಲ್ಲಿ ಮುಟ್ಟದೆ, ಟೆರೇಸಿನ ಪಶ್ಚಿಮದ ಸೂರಿನಡಿ, ಮಳೆನೀರು ತಾಗದ ಹಾಗೆ ನೇತುಹಾಕುತ್ತೇನೆ. ಇನ್ನೊಂದು ಬಾಟಲಿಯೊಳಗೆ ಭದ್ರವಾಗಿರಲಿ. ಆಮೇಲೆ ಎರಡನ್ನೂ ಏರಿಸುವುದು. ಬೆರಳಿಲ್ಲದೆಯೂ ಸೂರಿನಡಿಯದು ಒಡೆದರೆ ಮಾತು ಮುಗಿಯಿತು. ಒಡೆಯದಿರಲಿ.

ಜೂನ್ 9, ಸೋಮವಾರ

ಹಬ್ಬ ಮುಗಿಯಿತು. ಗೇಟಿನ ಮಾವಿನಕಾಯಿ ಗಾಡಿಯವನು ಮಳೆಗೆ ಊರಿಗೆ ಹೋದ. ಹೆಂಡತಿ ನಬೀಸಾಳ ಬಳಿ ಭರಣಿಯಲ್ಲಿ ಉಪ್ಪುನೀರಿಗೆ ಹಾಕಿದ ಮಾವಿನಕಾಯಿ ಇದೆ. ದಿನಾ ಎರಡು ಕೊಡು ಎಂದೆ.

"ನಿಮಗೆ ಹುಳಿ ಆಗುದಿಲ್ಲ, ಹಲ್ಲು ಜುಮ್ ಅಂತದೆ ಅಂತ ಮದುವೆಯಾದಾಗಿನಿಂದ ಹೇಳ್ತಾ ಇದ್ದೀರಿ. ಈಗ ಎಂತ?" ಎಂದಳು.

ಲ್ಯಾಬಿನವರಿಗೆ ಎಂದೆ. ಲ್ಯಾಬಿನವರು ಯಾರೂ ತಿನ್ನುವುದಿಲ್ಲ ಎಂದು ಅವಳಿಗೇಕೆ ಹೇಳಬೇಕು.

ಎಕ್ಸಾಸ್ಟ್ ಫ್ಯಾನಿನ ಬೇರಿಂಗ್ ಹೊಸದು ಹಾಕಿಸಿದೆ. ಶಿಳ್ಳೆ ನಿಂತಿಲ್ಲ. ಇರಲಿ, ತೊಂದರೆಯೇನೂ ಇಲ್ಲ.

ಜೂನ್ 12, ಗುರುವಾರ

ಎರಡೂ ಏರಿದವು. ಬಾಟಲಿಯದು ಎರಡನೇ ಫರ್ನೇಸಿಗೆ. ಸೂರಿನಡಿಯದು ಮೂರನೆಯದಕ್ಕೆ. ಮೂರನೆಯದೇ ಯಾಕೆ ಎಂದು ರೊಸಾಲಿನ್ ಕೇಳಿದಳು. ಅದು ಅವನ ಜಾಗ ಎಂದೆ.

ಇಷ್ಟು ದಿನ ಫರ್ನೇಸ್ ತಣ್ಣಗಿದ್ದಾಗ ನನಗೆ ಎಲ್ಲೂ ಕೂರಲು ಆಗುತ್ತಿರಲಿಲ್ಲ. ಇವತ್ತು ಕೆಂಪು ದೀಪ ಹತ್ತಿದ ಮೇಲೆ ಸಮಾಧಾನವಾಯಿತು. ಹಳೆಯ ಚೀಟಿಯನ್ನೇ ಮತ್ತೆ ನೇತುಹಾಕಿದೆ.

ಜೂನ್ 21, ಶನಿವಾರ

ಚೆನ್ನಾಗಿದ್ದಾನೆ. ಗೆರೆ ನೆಟ್ಟಗೆ.

ಜೂನ್ 30, ಸೋಮವಾರ

ಚಹಾ ಈಗ ಆ ಮೂಲೆಯಲ್ಲೇ ಕುಡಿಯುತ್ತೇನೆ. ಬೆಚ್ಚಗಿರುತ್ತದೆ. ಕ್ಯಾಂಟೀನಿನವನಿಗೆ ಎರಡು ಗ್ಲಾಸ್ ತರಲು ಹೇಳಿದ್ದೇನೆ. ಒಂದು ಸಾಲುವುದಿಲ್ಲ.

ಇವತ್ತು ಅವನಿಗೆ ಬಂದರಿನ ಬೀಗದ ಸಂಗತಿ ಹೇಳಿದೆ.

ಜುಲೈ 11, ಶುಕ್ರವಾರ

ಜುಮಾ ನಮಾಜು ಮುಗಿಸಿ ಬರುವಷ್ಟರಲ್ಲಿ ಮೂರನೆಯದರ ತಟ್ಟೆ ಕೆಳಗೆ ಕೂತಿತ್ತು. ಎರಡನೆಯದು ಗಟ್ಟಿಯಾಗಿ ನಿಂತಿದೆ.

ಮೈಕ್ರೋಸ್ಕೋಪಿನಲ್ಲಿ ಬೆರಳಿಲ್ಲ. ಮಳೆ ಹನಿ ಒಣಗಿದ ಹಾಗೆ ಅಲ್ಲಲ್ಲಿ ಬಿಳಿ ಚುಕ್ಕೆ, ಪ್ರತಿ ಚುಕ್ಕೆಯ ಅಡಿಯಲ್ಲೂ ಬಿರುಕು. ಕಡಲು ಕೂತದ್ದು.

ಹುಡುಗನ ಆಯ್ಕೆ ತಪ್ಪು. ನನ್ನದು ಸರಿ. ಇಷ್ಟು ಕೆಟ್ಟದಾಗಿ ನಾನು ಯಾವ ವಾದವನ್ನೂ ಗೆದ್ದಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಜುಲೈ 15, ಮಂಗಳವಾರ

ಮೂರನೇ ಫರ್ನೇಸಿಗೆ ಇನ್ನೊಂದು ಪಟ್ಟಿ ಏರಿಸಿದ್ದೇನೆ.

"ಇದು ಯಾಕೆ ಸರ್? ಗೊತ್ತಾಯ್ತಲ್ಲ" ಎಂದಳು ರೊಸಾಲಿನ್.

"ಖಚಿತ ಮಾಡ್ಕೊಳ್ಳುದು."

"ಇದು ಸೂರಿನಡಿ ಇಟ್ಟದ್ದೂ ಅಲ್ಲ, ಬಾಟಲಿಯದ್ದೂ ಅಲ್ಲ. ಇದ್ರಿಂದ ಎಂತ ಗೊತ್ತಾಗ್ತದೆ?"

ಕೆಲಸ ನೋಡು ಎಂದು ರೇಗಿದೆ. ಇಷ್ಟು ವರ್ಷದಲ್ಲಿ ಅವಳ ಮೇಲೆ ರೇಗಿದ್ದು ಇಲ್ಲ. ಕೌಶಲ್ ದಿನಕ್ಕೆರಡು ಸಲ ಫೋನ್ ಮಾಡುತ್ತಾನೆ. ರಿಪೋರ್ಟ್ ಎಲ್ಲಿ, ಚಕ್ರಕ್ಕೆ ಆರ್ಡರ್ ಕೊಡಬೇಕು, ಇನ್ನು ಎರಡು ವಾರದಲ್ಲಿ ನಾವು ಹೇಳದಿದ್ದರೆ ಟೈಟಾನಿಯಂ ಎಂದೇ ಕೊಟ್ಟುಬಿಡುತ್ತಾನಂತೆ. ಟೆಸ್ಟ್ ನಡೆಯುತ್ತಿದೆ ಎಂದು ಹೇಳುತ್ತೇನೆ. ಸುಳ್ಳಲ್ಲವಲ್ಲ.

ಜುಲೈ 22, ಮಂಗಳವಾರ

ದೇಯಿಯಕ್ಕ ಲ್ಯಾಬಿಗೆ ಬಂದರು. ಆಟಿ ಶುರುವಾಯಿತು, ಮನೆಯಲ್ಲಿ ಬಡಿಸುವ ದಿನಕ್ಕೆ ನನ್ನನ್ನು ಕರೆಯಲು. ಪ್ರಾಪ್ತಿ ಜೊತೆಗಿದ್ದಳು. ಮಗ ಕೆಲಸ ಮಾಡುತ್ತಿದ್ದ ಜಾಗ ತೋರಿಸಿ ಎಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು, ಬೇಡವೆಂದರೂ ಕೇಳದೆ.

ಮೂರನೇ ಫರ್ನೇಸಿನ ಮುಂದೆ ನಿಂತರು. ಕೆಂಪು ದೀಪ ನೋಡಿದರು. ಮಗನ ಅಕ್ಷರದ ಚೀಟಿ ನೋಡಿದರು, ಅದನ್ನು ಮುಟ್ಟಲಿಲ್ಲ. ಆಮೇಲೆ ಮೇಜಿನ ಮೇಲೆ ಕಣ್ಣು ಹೋಯಿತು. ಅಲ್ಲಿ ಬಾಳೆ ಎಲೆಯ ತುಂಡಿನಲ್ಲಿ ನಬೀಸಾ ಕಟ್ಟಿಕೊಟ್ಟ ಉಪ್ಪು ಮಾವಿನಕಾಯಿ ಇತ್ತು. ಪಕ್ಕದಲ್ಲಿ ಚಹಾ, ಮುಟ್ಟದೆ ಕೆನೆ ಕಟ್ಟಿದ್ದು.

"ಇದು ಯಾರಿಗೆ ಹಸನಾಕ?"

"ಯಾರಿಗೂ ಅಲ್ಲ" ಎಂದೆ. "ಹೀಗೇ."

"ದಿನಾ ಇಡ್ತೀರಾ?"

ರೊಸಾಲಿನ್ ನನ್ನ ಕಡೆ ನೋಡಿದಳು. ದಿನಾ ಇಡುತ್ತೇನೆ ಎಂದೆ.

ದೇಯಿಯಕ್ಕ ಆ ಎಲೆಯ ತುಂಡನ್ನು ಬಹಳ ಹೊತ್ತು ನೋಡಿದರು. ಸಿಟ್ಟಿರಲಿಲ್ಲ. ಹಸಿದ ಮಗುವನ್ನು ಬೇರೆ ಮನೆಯಲ್ಲಿ ಉಣ್ಣಿಸಿ ಕಳಿಸಿದವರೊಡನೆ ಮಾತಾಡುವ ಹಾಗೆ, ಮೆಲ್ಲಗೆ ಹೇಳಿದರು. "ಇಲ್ಲಿ ನೀವು ಬಡಿಸ್ತಾ ಇದ್ರೆ ಅವನು ಮನೆಗೆ ಹೇಗೆ ಬರುದು?"

ಅವನ ಸ್ಟೂಲಿನ ಮೇಲೆ ಕೂತುಬಿಟ್ಟೆ. ಎಲ್ಲವನ್ನೂ ಹೇಳಿದೆ. ಬೆರಳು, ಉಪ್ಪು, ಸೂರಿನಡಿಯ ಪಟ್ಟಿ, ಅವನ ಲೋಹ ಹಾರುವುದಿಲ್ಲ ಎಂಬುದು, ಹಾರುತ್ತದೆ ಎಂದು ನಾನು ಅಂದು ಸುಮ್ಮನೆ ಹೇಳಿದ್ದು. ಪ್ರಾಪ್ತಿ ಅಳತೊಡಗಿದಳು. ದೇಯಿಯಕ್ಕ ಕೇಳಿಸಿಕೊಂಡರು.

"ಅದನ್ನು ಹಾಕಿ ಹಾರಿಸಿದ್ರೆ ಎಂತ ಆಗ್ತಿತ್ತು?"

"ನಡು ಕಡಲಲ್ಲಿ ಎಂಜಿನ್ ಒಡೀತಿತ್ತು. ಜಾಕೆಟಿಗೆ ಕಾಯ್ತಾ ಇದ್ದವರಿಗೆ ಅದು ಮುಟ್ತಿರಲಿಲ್ಲ."

"ಅವನ ಬೆರಳು ಇಲ್ಲದಿದ್ರೆ ನಿಮಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಹಾಗಾದ್ರೆ ಅವನ ಕೆಲಸ ಮುಗೀತಲ್ಲ" ಎಂದರು. "ನಿಲ್ಲಿಸಿ ಹಸನಾಕ. ಅವನನ್ನು ಕಳಿಸಿಕೊಡಿ."

ಸ್ವಿಚ್ ನಾನೇ ಆಫ್ ಮಾಡಿದೆ. ಭಾರವನ್ನು ಒಂದೊಂದಾಗಿ ಇಳಿಸಿದೆ. ಪ್ರಾಪ್ತಿ ಮಾವಿನಕಾಯಿಯ ಪೊಟ್ಟಣ ಕಟ್ಟಿಕೊಂಡಳು. ಅವರು ಹೋದ ಮೇಲೆ ರೊಸಾಲಿನ್ ಆ ಮೂಲೆಗೆ ತಾನಾಗಿ ಬಂದು, ಚಹಾ ಗ್ಲಾಸ್ ತೆಗೆದುಕೊಂಡು ಹೋಗಿ ತೊಳೆದಳು. ಸಂಜೆಯ ಹೊತ್ತಿಗೆ ಫರ್ನೇಸಿನ ಮೈ ತಣ್ಣಗಾಯಿತು. ಫ್ಯಾನ್ ತಿರುಗುತ್ತಲೇ ಇತ್ತು, ಶಿಳ್ಳೆ ಇರಲಿಲ್ಲ.

ಮನೆಗೆ ಬಂದು ಈ ಪುಸ್ತಕವನ್ನು ಹಿಂದಕ್ಕೆ ತಿರುಗಿಸಿ ಓದಿದೆ. ಇದನ್ನೆಲ್ಲ ಬರೆದವನು ನಾನೇ.

ಜುಲೈ 24, ಗುರುವಾರ

ಆಟಿ ಅಮಾವಾಸ್ಯೆ. ಪದ್ಧತಿಯಂತೆ ಹಾಲೆ ಮರದ ತೊಗಟೆಯ ಕಷಾಯ ಕುಡಿದು ಲ್ಯಾಬಿನ ಅರ್ಧ ಜನರ ಬಾಯಿ ಕಹಿ. ಎರಡನೇ ಫರ್ನೇಸಿನ ಪಟ್ಟಿ ಸಾವಿರ ಗಂಟೆ ದಾಟಿತು. ಉಪ್ಪು ತಾಗದ ಟೈಟಾನಿಯಂ ಬಗ್ಗೆ ಹುಡುಗ ಹೇಳಿದ್ದು ಅಕ್ಷರಶಃ ನಿಜ, ಅಲ್ಲಾಡಲಿಲ್ಲ. ಅದನ್ನೂ ಬರೆದೆ.

ರಿಪೋರ್ಟ್ ಕಳಿಸಿದೆ. ಕಡಲ ದಡದಲ್ಲಿ ನಿಲ್ಲುವ ಎಂಜಿನಿನ ಆ ಚಕ್ರಕ್ಕೆ ಟೈಟಾನಿಯಂ ಬೇಡ, ನಿಕ್ಕಲ್ ಇರಲಿ. ಸ್ಪೆಸಿಮೆನ್ ಏರಿಸುವಾಗ ಬರಿಗೈ ತಾಗಿತ್ತು, ಒರೆಸಿರಲಿಲ್ಲ. ಆ ಗುರುತಿನಿಂದಲೇ ಈ ದೋಷ ಮೊದಲು ಕಂಡುಬಂತು. ಏರಿಸಿದವರು, ದೀಕ್ಷಿತ್. ಇದ್ದದ್ದು ಇದ್ದ ಹಾಗೆ. ಇನ್ನು ಮೇಲೆ ತಂತಿ ಕಟ್ಟಲು ಚಿಮುಟ, ಯಾರೂ ಗ್ಲೌಸ್ ಬಿಚ್ಚುವಂತಿಲ್ಲ ಎಂದು ನೋಟಿಸ್ ಹಚ್ಚಿದೆ.

ಕೌಶಲ್ ಫೋನಿನಲ್ಲಿ ಕೂಗಾಡಿದ. ಒಂದು ಜಾಕೆಟ್ ಕಡಿಮೆಯಾಗುತ್ತದೆ ಎಂದ. ಗೊತ್ತುಂಟು ಎಂದೆ. ಕೊನೆಗೆ, ರೆಕ್ಕೆಯಲ್ಲಿ ಎಲ್ಲಾದರೂ ತೂಕ ಇಳಿಸಲಾಗುತ್ತದಾ ನೋಡುತ್ತೇನೆ ಎಂದ. ಕೆಟ್ಟವನಲ್ಲ.

ಆಗಸ್ಟ್ 3, ಭಾನುವಾರ

ಬಿಕರ್ನಕಟ್ಟೆಗೆ ನಬೀಸಾಳೂ ಬಂದಳು. ಭರಣಿಯಿಂದ ದೊಡ್ಡದೆರಡು ಮಾವಿನಕಾಯಿ ಆರಿಸಿ ತಂದಿದ್ದಳು. ಯಾರಿಗೆ ಎಂದು ಈ ಸಲ ಕೇಳಲಿಲ್ಲ.

ಮುರಿದ ಪಟ್ಟಿಯ ಒಂದು ತುಂಡನ್ನು ದೇಯಿಯಕ್ಕನಿಗೆ ಕೊಟ್ಟೆ. ಇನ್ನೊಂದು ಲ್ಯಾಬಿನಲ್ಲಿ ಇರಬೇಕು, ನಿಯಮ. ಬೆರಳಿನ ಅರ್ಧ ಅಲ್ಲಿ, ಅರ್ಧ ಇಲ್ಲಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬರಿಗಣ್ಣಿಗೂ ಬಿಳಿ ಗೆರೆ ಮಸುಕಾಗಿ ಕಾಣುತ್ತದೆ. ಅವರು ಹಿಡಿದು ನೋಡಿದರು. ತಮ್ಮ ಹೆಬ್ಬೆರಳನ್ನು ಅದರ ಮೇಲೆ ಇಟ್ಟರು. ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಮುಸ್ಸಂಜೆಗೆ ಬಡಿಸಿದರು. ಅನ್ನ, ಕೋಳಿ, ಬಂಗುಡೆ, ಸೀಯಾಳ. ಎಲೆಯ ತುದಿಗೆ ನಬೀಸಾಳ ಮಾವಿನಕಾಯಿ. ದೀಪ ಹಚ್ಚಿ ಬಾಗಿಲೆಳೆದುಕೊಂಡು ಎಲ್ಲರೂ ಜಗಲಿಯಲ್ಲಿ ನಿಂತೆವು. ಹೆದ್ದಾರಿಯಲ್ಲಿ ಲಾರಿಗಳು ನಂತೂರಿನ ಕಡೆ ಇಳಿಯುವ ಸದ್ದು ಕೇಳುತ್ತಿತ್ತು. ನಾನು ಬಾಗಿಲನ್ನೇ ನೋಡುತ್ತಾ ನಿಂತೆ.

"ನೀವು ತಟ್ಟಿ ಹಸನಾಕ" ಎಂದರು ದೇಯಿಯಕ್ಕ. "ನಿಮ್ಮಲ್ಲಿಂದ ಬಂದವನು."

ತಟ್ಟಿದೆ. ಅವರು ಒಳಗೆ ಹೋಗಿ ಎಲೆಯ ಮುಂದೆ ಕೂತರು. ನಾನು ಹಿಂದೆ ನಿಂತು ಬಗ್ಗಿ ನೋಡಿದೆ. ಅನ್ನ ಹಾಗೇ ಇತ್ತು. ನೀರು ಹಾಗೇ ಇತ್ತು. ಮಾವಿನಕಾಯಿ ಎರಡೂ ಇಟ್ಟಲ್ಲೇ ಇದ್ದವು.

ದೇಯಿಯಕ್ಕ ತಿರುಗಿ ನನ್ನ ಮುಖ ನೋಡಿದರು. "ಬೈದೆ" ಎಂದರು. ಬಂದಿದ್ದಾನೆ.

ಎಷ್ಟು ಸಣ್ಣ ಬಿರುಕನ್ನೂ ಬಿಡದೆ ಕಂಡದ್ದನ್ನು ಮಾತ್ರ ಹೇಳುವ ಕೆಲಸದಲ್ಲಿ ನನ್ನ ತಲೆ ನೆರೆತಿದೆ. "ಅಂದ್ ದೇಯಿಯಕ್ಕ, ಬೈದೆ" ಎಂದೆ. ಹೌದು, ಬಂದಿದ್ದಾನೆ. ಮನೆಗೆ ಬಂದು ಇದನ್ನು ಬರೆಯುತ್ತಿರುವಾಗಲೂ ಸುಳ್ಳು ಹೇಳಿದೆ ಎಂದು ಅನಿಸುತ್ತಿಲ್ಲ.